ತಟ್ಟೆಯಂಚಿನ ಹಲ್ಲು

ನನ್ನ ಮಗಳಿಗೆ ಐಸ್ ಹಾಕಿ ಆಟ ಕಲಿಸುತ್ತಿದ್ದ ಕೋಚ್, ಹಿಂದೆ ಅದನ್ನೇ ವೃತ್ತಿಯಾಗಿ ಆಡಿದವಳು. ಮಂಜುಗಡ್ಡೆಯ ಮೇಲೆ ಹುಡುಗಿಯರು ಚೆಂಡಿನ ಬದಲು ಬಳಸುವ ಚಪ್ಪಟೆ ಬಿಲ್ಲೆಯನ್ನೇ ನೋಡುತ್ತ ಜಾರಿದರೆ, ಪಕ್ಕದ ಹಲಗೆಗೆ ಕೋಲು ಬಡಿದು "ತಲೆ ಎತ್ತು!" ಎಂದು ಇಂಗ್ಲಿಷಿನಲ್ಲಿ ಕೂಗುತ್ತಿದ್ದಳು. ನಗುವಾಗ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ.

ಒಂದು ಭಾನುವಾರ ಹೇಸ್ ಎಂಬ ಈ ಪರದೇಶದ ಊರಿನ ನಮ್ಮ ಮನೆಗೆ ಊಟಕ್ಕೆ ಕರೆದೆ. ಧಾರವಾಡದವಳು ನಾನು, ಕಡಕ್ ರೊಟ್ಟಿ ಬಡಿಸಿದೆ. ಆಕೆ ಒಮ್ಮೆ ಕಚ್ಚಿ ನೋಡಿದಳು. ಆಮೇಲೆ ಬಾಯಿಗೆ ಬೆರಳು ಹಾಕಿ, ಮುಂದಿನ ಹಲ್ಲುಗಳನ್ನೆಲ್ಲ ಒಟ್ಟಿಗೇ ತೆಗೆದು, ಶೇಂಗಾ ಚಟ್ನಿಯ ಪಕ್ಕ ಇಟ್ಟಳು!

ನನ್ನ ಕೈಯಿಂದ ಸೌಟು ಬಿತ್ತು.

"ಆಡುವಾಗ ಒಂದೇ ಒಂದು ಸಲ ಕೆಳಗೆ ನೋಡಿದೆ. ಎದುರಿನವಳು ಬಂದದ್ದು ಕಾಣಲಿಲ್ಲ," ಎಂದು ಆಕೆ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿದಳು.

ನಾನು ಮಗಳತ್ತ ತಿರುಗಿ, "ನಾಳಿಂದ ಈ ಆಟ ಬ್ಯಾಡ. ಹೆಣ್ಣ ಹುಡುಗಿ, ತಲಿ ತಗ್ಗಿಸಿ ಮನ್ಯಾಗ ಇರು," ಎಂದೆ.

"ಮಮ್ಮಿ, ಪ್ಲೀಸ್..." ಎಂದ ಮಗಳ ತಲೆ ಬಾಗಿತು.

ಕೋಚ್‌ಗೆ ನನ್ನ ಕನ್ನಡ ತಿಳಿಯದು. ಬಾಗಿದ ತಲೆಯಷ್ಟೇ ಕಂಡಿತು. ಚಮಚದಿಂದ ಮೇಜು ಬಡಿದು, ಹಲ್ಲಿಲ್ಲದ ಬಾಯಲ್ಲಿ ಕೂಗಿದಳು: "ತಲೆ ಎತ್ತು!"

ತಟ್ಟೆಯಂಚಿನ ಹಲ್ಲುಗಳನ್ನೇ ನೋಡುತ್ತ ನಿಂತಿದ್ದ ನನ್ನ ತಲೆ, ಮಗಳಿಗಿಂತ ಮೊದಲೇ ಮೇಲೆದ್ದಿತು.