ಡಾಕ್ಟರ್ ನೋಡ್ತಾರೆ, ಅಲ್ಲಾಡಬೇಡ

ಆ ಆಸ್ಪತ್ರೆಗೆ ಡಾಕ್ಟರು ಬರುವುದು ವಾರಕ್ಕೆ ಒಂದೇ ದಿನ. ಉಳಿದ ಆರು ದಿನ ಆಸ್ಪತ್ರೆ ಎಂದರೆ ನರ್ಸಮ್ಮನೇ. ನೆಲ ಒರೆಸುವ ಆಯಾ ಆಗಿ ಬಂದವಳು, ಆಮೇಲೆ ತರಬೇತಿ ಮುಗಿಸಿ, ಇಪ್ಪತ್ತಮೂರು ವರ್ಷ ಅದೇ ಹೆರಿಗೆ ಕೋಣೆಯಲ್ಲಿ ತಲೆ ನರೆಸಿಕೊಂಡಿದ್ದಳು. ಕೈ ಎಷ್ಟು ಚುರುಕೋ ಬಾಯಿ ಅದಕ್ಕಿಂತ ಒಂದು ಕೈ ಮೇಲು. ಕೂಗಾಡುವ ಬಸುರಿಯರೂ ಕಾಲಿಗೆ ತೊಡರುವ ಗಂಡಂದಿರೂ ಅವಳ ಒಂದೇ ಗದರಿಕೆಗೆ ತೆಪ್ಪಗಾಗುತ್ತಿದ್ದರು. ಗಂಡ ಬೇಗ ತೀರಿಕೊಂಡಿದ್ದ. ಒಬ್ಬಳೇ ಮಗಳನ್ನು ಎರಡು ಬೀದಿ ಆಚೆಗೆ ಮದುವೆ ಮಾಡಿಕೊಟ್ಟಿದ್ದಳು.

ಅವಳ ಮೈ ಉರಿಸುತ್ತಿದ್ದವರೆಂದರೆ ಪರದೇಶದ ವೈದ್ಯಕೀಯ ವಿದ್ಯಾರ್ಥಿಗಳು. ವರ್ಷಕ್ಕೆ ಮೂರು ತಂಡ, ಒಂದೊಂದು ತಂಡಕ್ಕೆ ನಾಲ್ಕು ವಾರ. ತಮ್ಮ ದೇಶದಲ್ಲಿ ರೋಗಿಯ ಕಿರುಬೆರಳು ಮುಟ್ಟಲೂ ಅಪ್ಪಣೆ ಇಲ್ಲದ ಈ ಮಹಾನುಭಾವರು ಇಲ್ಲಿ ಕಾಲಿಟ್ಟ ಮರುದಿನವೇ ಸೂಜಿ ಹಿಡಿಯುತ್ತಿದ್ದರು. ಬಡವರ ಮೈ ಇವರಿಗೆ ಕೈ ಪಳಗಿಸಿಕೊಳ್ಳುವ ಹಳೇ ಬಟ್ಟೆ. ಪ್ರತಿಯೊಬ್ಬರ ಹತ್ತಿರವೂ ಒಂದು ಪುಸ್ತಕ. ಇಷ್ಟು ಹೆರಿಗೆ, ಇಷ್ಟು ಹೊಲಿಗೆ, ಪ್ರತಿಯೊಂದರ ಮುಂದೆಯೂ ನರ್ಸಮ್ಮನ ಸಹಿ. ಪುಸ್ತಕ ತುಂಬಿದರೆ ಅವರ ಜನ್ಮ ಪಾವನ.

ನಿಜ ಹೇಳಬೇಕಲ್ಲ, ಅವರು ಕೇಳದೆ ಮುಟ್ಟುತ್ತಿರಲಿಲ್ಲ. 'ನಾನಿನ್ನೂ ವಿದ್ಯಾರ್ಥಿ, ಹೊಲಿಗೆ ಹಾಕಲೇ ಎಂದು ಇವರನ್ನು ಕೇಳಿ' ಎಂದು ನರ್ಸಮ್ಮನಿಗೆ ಹೇಳುತ್ತಿದ್ದರು. ಕೇಳಿ ಕೇಳಿ ಅವರ ಭಾಷೆ ಅವಳಿಗೆ ಕೆಲಸಕ್ಕಾಗುವಷ್ಟು ಬರುತ್ತಿತ್ತು. ಅವಳು ಮಲಗಿದವಳ ಕಡೆ ತಿರುಗಿ, "ಡಾಕ್ಟರ್ ನೋಡ್ತಾರೆ, ಅಲ್ಲಾಡಬೇಡ" ಅನ್ನುತ್ತಿದ್ದಳು. ಮಲಗಿದವಳು ತಲೆಯಾಡಿಸುತ್ತಿದ್ದಳು. 'ಒಪ್ಪಿದ್ದಾಳೆ' ಎಂದು ನರ್ಸಮ್ಮ ವಿದ್ಯಾರ್ಥಿಗೆ ಹೇಳುತ್ತಿದ್ದಳು.

ಇನ್ನೇನು ಮಾಡಬೇಕಿತ್ತು? ಜಗಲಿಯ ಬೆಂಚಿನ ತುಂಬ ಜನ, ಇರುವುದು ಎರಡೇ ಕೈ. ನಿಜ ಗೊತ್ತಾದರೆ ಎಲ್ಲರೂ ನರ್ಸಮ್ಮನೇ ಬೇಕು ಅಂತ ಕೂತುಬಿಡುತ್ತಿದ್ದರು. ಅದೂ ಅಲ್ಲದೆ ಕೈಗವಸು, ಹತ್ತಿ, ಔಷಧಿ ಎಲ್ಲ ಬರುತ್ತಿದ್ದದ್ದು ಆ ಹುಡುಗರ ಪೆಟ್ಟಿಗೆಗಳಲ್ಲೇ. ಬೆನ್ನ ಹಿಂದೆ ಅವರಿಗೆ ಹಿಡಿಶಾಪ ಹಾಕುತ್ತಲೇ ಅವಳು ಬೀರು ತುಂಬಿಸಿಕೊಳ್ಳುತ್ತಿದ್ದಳು.

ಹೀಗಿರುವಾಗ ಒಂದು ಬೆಳಗ್ಗೆ ಅವಳ ಮಗಳಿಗೇ ನೋವು ಶುರುವಾಯಿತು. ಜೊತೆಗೆ ಬಂದವಳು ಮಗಳ ನಾದಿನಿ. ಹತ್ತು ತಿಂಗಳ ಹಿಂದೆ ಅವಳ ಹೆರಿಗೆಯೂ ಇದೇ ಕೋಣೆಯಲ್ಲಿ ಆಗಿತ್ತು. ಮಧ್ಯಾಹ್ನದ ಹೊತ್ತಿಗೆ ನರ್ಸಮ್ಮ ತನ್ನ ಮೊಮ್ಮಗಳನ್ನು ತಾನೇ ಕೈಯಲ್ಲಿ ಹಿಡಿದಳು. ಮಗು ಚೆನ್ನಾಗಿತ್ತು. ಬಾಣಂತಿಗೆ ಸ್ವಲ್ಪ ಹರಿದಿತ್ತು, ನಾಲ್ಕೈದು ಹೊಲಿಗೆ ಬೇಕಿತ್ತು.

ಅಷ್ಟರಲ್ಲಿ 'ಒಂಟೆ' ಕೈಗವಸು ತೊಟ್ಟು ಇಕ್ಕಳ ಹಿಡಿದು ನಿಂತಿದ್ದ. ಆ ತಂಡದ ಉದ್ದನೆಯ ಹುಡುಗನಿಗೆ ನರ್ಸಮ್ಮ ಇಟ್ಟ ಹೆಸರು ಅದು. ಅವನ ಪುಸ್ತಕದಲ್ಲಿ ಒಂದು ಹೊಲಿಗೆ ಬಾಕಿ, ಇನ್ನೆರಡು ದಿನದಲ್ಲಿ ಊರಿಗೆ ವಿಮಾನ.

"ಇವರನ್ನ ಕೇಳಿ" ಎಂದ ಅವನು, ತನ್ನ ಭಾಷೆಯಲ್ಲಿ.

"ಕೇಳೋದೇನಿಲ್ಲ. ಕೆಳಗಿಡು ಅದನ್ನ" ಎಂದಳು ಅವಳು ಅದೇ ಭಾಷೆಯಲ್ಲಿ.

"ನಿನ್ನೆ ನೀವೇ ಬಿಟ್ರಿ. ಚೆನ್ನಾಗಿ ಹಾಕ್ತೀಯ ಅಂತಲೂ ಅಂದ್ರಿ."

"ನಿನ್ನೆ ಮಲಗಿದ್ದವಳು ನನ್ನ ಮಗಳಲ್ಲ."

ಒಂಟೆಯ ಮುಖ ಕೆಂಪಾಯಿತು. ಫೋನ್ ತೆಗೆದು ಡಾಕ್ಟರಿಗೆ ಹಚ್ಚಿ, ನಡೆದದ್ದು ಹೇಳಿ, ನರ್ಸಮ್ಮನ ಕಿವಿಗೆ ಹಿಡಿದ. "ಊರವರ ಮಕ್ಕಳಿಗೊಂದು ನ್ಯಾಯ, ನಿಮ್ಮ ಮಗಳಿಗೊಂದು ನ್ಯಾಯನಾ ನರ್ಸಮ್ಮ? ಬಿಡಿ ಅವನಿಗೆ" ಎಂದರು ಡಾಕ್ಟರು.

ನರ್ಸಮ್ಮನಿಗೆ ರೇಗಿತು. ರೇಗಿದಾಗ ಬರುವುದು ಮನೆಮಾತೇ. "ಇವನು ಡಾಕ್ಟರಲ್ಲ ಸಾರ್. ಇನ್ನೂ ಓದ್ತಿರೋ ಹುಡುಗ. ನನ್ನ ಮಗಳ ಮೈ ಮೇಲೆ ಕಲಿಯೋದು ಬೇಡ." ಹಾಗೆಂದು ಒಂಟೆಯ ಕೈಯಿಂದ ಇಕ್ಕಳ ಕಿತ್ತು ಟ್ರೇಗೆ ಬಿಸಾಡಿ, ಬಾಗಿಲು ತೋರಿಸಿದಳು. ಅವನು ಪುಸ್ತಕ ಎತ್ತಿಕೊಂಡು ಹೊರಗೆ ನಡೆದ.

ಮಗಳ ತಲೆ ಸವರುತ್ತಿದ್ದ ನಾದಿನಿಯ ಕೈ ನಿಂತಿತು.

"ಡಾಕ್ಟರಲ್ವಾ ಅವನು?" ಎಂದು ಕೇಳಿದಳು. "ಹಾಗಾದ್ರೆ ನನಗೆ ಹೊಲಿದವನು?"

ನರ್ಸಮ್ಮ ಹೊಸ ಕೈಗವಸು ತೊಡುತ್ತಾ, "ಈಗ ಅದೆಲ್ಲ ಯಾಕೆ" ಅಂದಳು.

"ಮೂರು ತಿಂಗಳು ಕೂತ್ಕೊಳ್ಳೋಕಾಗ್ಲಿಲ್ಲ ನನಗೆ. ಕೀವಾಯ್ತು, ಜ್ವರ ಬಂತು. 'ಡಾಕ್ಟರ್ ಹಾಕಿದ ಹೊಲಿಗೆ ಅದು, ನಿನ್ನ ಮೈಯೇ ಸರಿ ಇಲ್ಲ' ಅಂದ್ರಲ್ಲ ಅತ್ತೆ ನೀವು. ನಮ್ಮ ಮನೆಯವರೂ ಅದನ್ನೇ ಹಿಡ್ಕೊಂಡು ಆಡಿದ್ರು, ನನ್ನ ಮೈಯೇ ಸರಿ ಇಲ್ಲ ಅಂತ."

"ಮೆತ್ತಗೆ ಮಾತಾಡು. ಹೊರಗೆ ಜನ ಇದಾರೆ."

"ಇರಲಿ, ಅವರಿಗೂ ಗೊತ್ತಾಗಲಿ" ಎಂದು ನಾದಿನಿ ಬಾಗಿಲು ತೆರೆದಿಟ್ಟೇ ಹೋದಳು.

ನರ್ಸಮ್ಮ ಬಾಗಿಲು ಮುಚ್ಚಿ ಬಂದು ಮಗಳಿಗೆ ಐದು ಹೊಲಿಗೆ ಹಾಕಿದಳು. ಇಷ್ಟು ನಾಜೂಕಾಗಿ ಅವಳು ಯಾರಿಗೂ ಹಾಕಿರಲಿಲ್ಲ. ಮಗಳು ಸೂರು ನೋಡುತ್ತಾ ಮಲಗಿದ್ದಳು. ಕೊನೆಯ ದಾರ ಕತ್ತರಿಸುವಾಗ, "ಅವಳಿಗೂ ಬೇಡ ಅನ್ನಬೇಕಿತ್ತಮ್ಮ ನೀನು. ನಾನಿನ್ನು ಆ ಮನೆಯಲ್ಲೇ ಬಾಳಬೇಕು" ಅಂದಳು.

ನರ್ಸಮ್ಮ ಕೈ ತೊಳೆದು ಜಗಲಿಗೆ ಬಂದಳು. ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತಿದ್ದರು. ನಾದಿನಿ ಗೋಡೆಗೆ ಒರಗಿ ಅಳುತ್ತಿದ್ದಳು. ಅವಳ ಪಕ್ಕದಲ್ಲಿದ್ದ ಇಸ್ತ್ರಿ ಅಂಗಡಿಯವಳು ಮುಂದೆ ಬಂದು, ಎಡ ಮೊಣಕೈಯ ಗಂಟುಗಂಟು ಗಾಯದ ಗುರುತು ತೋರಿಸಿದಳು.

"ನನಗೆ ಹೊಲಿದವರು ಯಾರು ನರ್ಸಮ್ಮ?"

"ನನ್ನ ಸೊಸೆಗೆ?" ಎಂದಳು ಇನ್ನೊಬ್ಬಳು.

"ನನ್ನ ಮಗನ ತಲೆಗೆ?"

ಗದರಿಸಲು ಬಾಯಿ ತೆರೆದ ನರ್ಸಮ್ಮ ಒಂದೊಂದೇ ಮುಖ ನೋಡಿದಳು. ತನ್ನ ಸಹಿ ಎಲ್ಲದಕ್ಕೂ ಇತ್ತು. ಯಾರಿಗೆ ಯಾರು ಹೊಲಿದಿದ್ದರೆಂದು ಒಂದೂ ನೆನಪಿರಲಿಲ್ಲ.