ಬೇಳೆ ಬೇಯುವ ನೀರು, ಮೀನು ಬಾಳುವ ನೀರು

ನಾನು ರಸಾಯನಶಾಸ್ತ್ರ ಕಲಿಸುವವಳು. ಮಧುಗಿರಿಯ ಕಾಲೇಜೊಂದರಲ್ಲಿ ಆಮ್ಲ, ಪ್ರತ್ಯಾಮ್ಲ, ಪಿಎಚ್ ಎಂದು ಹಲಗೆಯ ಮೇಲೆ ಬರೆದೂ ಬರೆದೂ ನನ್ನ ಸೀರೆಗಳಿಗೆಲ್ಲ ಸೀಮೆಸುಣ್ಣದ ಇನ್ನೊಂದು ಅಂಚು ಬಂದುಬಿಟ್ಟಿದೆ. ಏಳಕ್ಕಿಂತ ಕೆಳಗಿದ್ದರೆ ಆಮ್ಲ, ಮೇಲಿದ್ದರೆ ಪ್ರತ್ಯಾಮ್ಲ, ಏಳಾದರೆ ತಟಸ್ಥ. ಇಷ್ಟನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲೆ. ಅಂಥ ನನ್ನ ಮಾತನ್ನು ನಮ್ಮ ನಡುಮನೆಯ ಮೀನಿನ ತೊಟ್ಟಿಯ ನೀರು ಮಾತ್ರ ಕೇಳಲಿಲ್ಲ. ಪರೀಕ್ಷೆಯ ಕಾಗದ ಅದ್ದಿದಾಗಲೆಲ್ಲ ಎಂಟರ ಮೇಲಿನ ಬಣ್ಣ ತೋರಿಸಿ ಸುಮ್ಮನಾಗುತ್ತಿತ್ತು.

ಎಂಟಾದರೇನಂತೆ ಎಂದು ನೀವು ಕೇಳಬಹುದು. ನಾನು ಸಾಕಿದ್ದು ಏಂಜಲ್ ಮೀನು. ಅದರ ಪೂರ್ವಿಕರು ಎಲ್ಲೋ ದೂರದ ಕಾಡಿನ ಹೊಳೆಗಳಲ್ಲಿ, ಉದುರಿದ ಎಲೆಗಳು ಕೊಳೆತು ತುಸು ಹುಳಿಯಾದ ಮೆದು ನೀರಿನಲ್ಲಿ ಬಾಳಿದವರು. ನಮ್ಮ ಕೊಳವೆಬಾವಿಯ ನೀರೋ, ಆಳದಿಂದ ಬರುವಾಗ ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಕರಗಿಸಿಕೊಂಡು ಬಂದದ್ದು. ಬಕೆಟ್ಟಿನ ಅಂಚಿಗೆ ಬಿಳಿ ಪಟ್ಟೆ ಹಾಕುತ್ತದೆ, ಹೀಟರಿಗೆ ಸುಣ್ಣ ಬಳಿಯುತ್ತದೆ.

ನಮ್ಮ ಕಡೆ ನೀರಿನ ಗುಣ ತಿಳಿಯಲು ಕಾಗದ ಬೇಕಿಲ್ಲ, ಒಂದು ಹಿಡಿ ತೊಗರಿಬೇಳೆ ಸಾಕು. ಗಡಸು ನೀರಿನಲ್ಲಿ ಬೇಳೆ ಎಷ್ಟು ಕುದಿಸಿದರೂ ಬೇಳೆಯಾಗಿಯೇ ಇರುತ್ತದೆ. ಹೆಣ್ಣು ಕೊಡುವ ಮಾತು ಬಂದರೆ ಗಂಡಿನ ಗುಣಕ್ಕಿಂತ ಮೊದಲು, ‘ಆ ಊರ ನೀರಾಗೆ ಬೇಳೆ ಬೇಯ್ತದಾ?’ ಎಂದು ಕೇಳುವವರಿದ್ದಾರೆ. ಕೊರಟಗೆರೆ ಕಡೆಯವರು ಒಂದು ಕುದಿಗೇ ಕರಗುತ್ತದೆ ಎಂದು ಜಂಬ ಕೊಚ್ಚುತ್ತಾರೆ. ಶಿರಾದವರು ಯಾವ ಬೀದಿಯ ನೀರು ಎಂದು ಕೇಳಿ ಆಮೇಲೆ ಉತ್ತರ ಕೊಡುತ್ತಾರೆ. ಪಾವಗಡದವರು ಮಾತು ಬದಲಿಸಿ ಶೇಂಗಾ ಬೆಳೆಯ ವಿಚಾರ ತೆಗೆಯುತ್ತಾರೆ. ನಮ್ಮ ಅತ್ತೆ ಪಾವಗಡದ ಕಡೆಯವರು.

ಅತ್ತೆಯ ವಿಚಾರ ಇಲ್ಲಿ ಹೇಳಲೇಬೇಕು. ಮದುವೆಯಾಗಿ ಬಂದಾಗಿನಿಂದ ನಾನು ಈ ಮನೆಗೆ ತಂದ ಯಾವ ವಸ್ತುವೂ ಅವರಿಗೆ ಸರಿಬಂದದ್ದಿಲ್ಲ. ಮಿಕ್ಸಿ ಕಿವಿ ಕಚ್ಚುತ್ತದೆ, ಕುಕ್ಕರ್ ಬೆದರಿಸುತ್ತದೆ, ಹೊಸ ಪರದೆಯ ಬಣ್ಣ ಆಸ್ಪತ್ರೆಯದು. ಹೀಗಿರುವಾಗ ಶಿರಾದ ಅಂಗಡಿಯಿಂದ ಮೂರು ಮೀನು, ಒಂದು ಗಾಜಿನ ತೊಟ್ಟಿ ತಂದೆ. ಬೈಗುಳಕ್ಕೆ ಸಿದ್ಧಳಾಗಿಯೇ ನಿಂತಿದ್ದೆ. ಅತ್ತೆ ಕುರ್ಚಿ ಎಳೆದುಕೊಂಡು ಮುಂದೆ ಕೂತರು, ಬಹಳ ಹೊತ್ತು ನೋಡಿದರು. ಆಮೇಲೆ, “ಇದೊಂದು ಬುದ್ವಂತಿಕೆ ಕೆಲಸ ಮಾಡ್ದೆ ನೋಡಮ್ಮ” ಅಂದರು. ಅಂದಿನಿಂದ ಸಂಜೆ ಕಾಫಿಗೆ ನಾವಿಬ್ಬರೂ ತೊಟ್ಟಿಯ ಮುಂದೆ ಜೊತೆಗೆ ಕೂರುವುದು ರೂಢಿಯಾಯಿತು. ಅದಕ್ಕೆ ಮೊದಲು ನಾವು ಕಾಫಿ ಕುಡಿಯುತ್ತಿದ್ದದ್ದು ಬೇರೆಬೇರೆ ಕೋಣೆಗಳಲ್ಲಿ.

ಆದರೆ ಸ್ವಲ್ಪ ದಿನಕ್ಕೇ ಎರಡು ಮೀನು ಸತ್ತವು. ತೊಟ್ಟಿ ಥಳಥಳ ಹೊಳೆಯಲಿ ಎಂದು ನಾನು ಹಳೆಯ ನೀರನ್ನೆಲ್ಲ ಒಮ್ಮೆಗೇ ಚೆಲ್ಲಿ ಹೊಸ ನೀರು ತುಂಬಿದ್ದೆ. ಉಳಿದದ್ದು ಒಂದು. ಮೈಯೆಲ್ಲ ಬೆಳ್ಳಿ, ಮೇಲೆ ಕಪ್ಪು ಪಟ್ಟೆ, ಆದರೂ ಅತ್ತೆ ಅದಕ್ಕಿಟ್ಟ ಹೆಸರು ಬಂಗಾರಿ. “ಇದ್ಕೂ ಏನಾದ್ರೂ ಆದ್ರೆ ನಾನು ಈ ಜಾಗ್ದಾಗೆ ಕೂರಾಕಿಲ್ಲ ಕಣಮ್ಮ” ಎಂದು ಮುಖ ತಿರುಗಿಸಿದರು. ಬಂಗಾರಿ ಹೋದರೆ ಸಂಜೆಯ ಕಾಫಿಯೂ ಮತ್ತೆ ಎರಡು ಕೋಣೆಗಳಿಗೆ ಹಂಚಿಹೋಗುತ್ತದೆ ಎಂಬುದು ನನಗೆ ಸ್ಪಷ್ಟವಾಗಿತ್ತು. ನನಗೆ ನಿಜವಾಗಿ ಹೆದರಿಕೆಯಾಯಿತು. ನೀರನ್ನು ಮೆದು ಮಾಡಲೇಬೇಕೆಂದು ಹಟ ಹಿಡಿದೆ.

ಅಂಗಡಿಯಲ್ಲಿ ಇದಕ್ಕೆಂದೇ ಸೀಸೆಯ ಔಷಧಿ ಸಿಗುತ್ತದೆ. ನಾಲ್ಕು ಹನಿ ಹಾಕಿದರೆ ಪಿಎಚ್ ದಡಕ್ಕನೆ ಇಳಿಯುತ್ತದೆ, ಮೀನೂ ಅದರ ಜೊತೆಗೇ ದಡಕ್ಕನೆ ಹೋಗಬಹುದು. ಸಹಜ ದಾರಿಯೇ ಮೇಲೆಂದು ಕಾಲೇಜಿನ ಮೈದಾನದ ಬಾದಾಮಿ ಮರದ ಕೆಳಗೆ ಒಣಗಿದ ಎಲೆಗಳನ್ನು ಆರಿಸಿದೆ. ಸಹೋದ್ಯೋಗಿಯೊಬ್ಬರು, “ಏನ್ ಮೇಡಂ, ಮದ್ವೆ ಊಟಕ್ಕೆ ಎಲೆ ಹಚ್ತೀರಾ?” ಎಂದು ಕೇಳಿದರು. ಎಲೆಗಳನ್ನು ತೊಳೆದು ತೊಟ್ಟಿಗೆ ಹಾಕಿದೆ. ಅವುಗಳ ಒಗರು ನೀರಿಗಿಳಿದು ಅದನ್ನು ತುಸು ಹುಳಿಯಾಗಿಸುತ್ತದೆ, ಜೊತೆಗೆ ಡಿಕಾಕ್ಷನ್ ಬಣ್ಣವನ್ನೂ ಕೊಡುತ್ತದೆ. ನನ್ನ ಗಂಡ ಇಣುಕಿ ನೋಡಿ ಸಕ್ಕರೆ ಹಾಕಿದ್ದೀಯಾ ಎಂದರು. ಪಕ್ಕದ ಮನೆಯಾಕೆ ಮೂಗು ಮುಚ್ಚಿಕೊಂಡರು. ಅತ್ತೆಗೆ ಮಾತ್ರ ಯಾವ ವಾಸನೆಯೂ ತಿಳಿಯಲಿಲ್ಲ. ವರ್ಷವಿಡೀ ನೆಗಡಿ ಅವರಿಗೆ, ಒಲೆಯ ಮೇಲೆ ಹಾಲು ಸೀದರೂ ಮೂಗಿಗೆ ಸುದ್ದಿ ಮುಟ್ಟುವುದಿಲ್ಲ.

ಪಿಎಚ್ ಇಳಿಯಿತು, ಬೆಳಗಾಗುವಷ್ಟರಲ್ಲಿ ಮೇಲೇರಿತು. ಇದು ಪಠ್ಯದಲ್ಲೇ ಇದೆ. ನೀರಿನಲ್ಲಿ ಕರಗಿದ ಸುಣ್ಣದಂಶ ನೀವು ಹಾಕಿದ ಹುಳಿಯನ್ನೆಲ್ಲ ನುಂಗಿಕೊಂಡು ತನ್ನ ಮಟ್ಟಕ್ಕೇ ಮರಳುತ್ತದೆ. ಮನೆಯ ಹಿರಿಯರು ಎಲ್ಲರ ಮಾತಿಗೂ ತಲೆಯಾಡಿಸಿ ಕೊನೆಗೆ ತಮಗೆ ತೋಚಿದ್ದನ್ನೇ ಮಾಡುವ ಹಾಗೆ. ಮೊದಲು ಸುಣ್ಣವನ್ನು ತಗ್ಗಿಸಬೇಕು, ಅಂದರೆ ಸುಣ್ಣವಿಲ್ಲದ ನೀರನ್ನು ಬೆರೆಸಬೇಕು. ಅಂಥ ನೀರು ನಮ್ಮ ಮನೆಯಲ್ಲಿತ್ತು, ಅತ್ತೆಯ ವಶದಲ್ಲಿ. ತಾರಸಿಯಿಂದ ಹಿಡಿದ ಮಳೆನೀರನ್ನು ಡ್ರಮ್ಮಿಗೆ ತುಂಬಿ, ಬಾಯಿಗೆ ಬಿಳಿ ಪಂಚೆ ಬಿಗಿದು, ಅವರು ಬೇಳೆಗೆಂದೇ ಕಾಪಾಡುತ್ತಿದ್ದರು. ಫಿಲ್ಟರ್ ನೀರು ಅವರ ಲೆಕ್ಕದಲ್ಲಿ ಸತ್ತ ನೀರು. ಅದರಲ್ಲಿ ಬೇಳೆ ಬೆಂದರೂ ರುಚಿ ಬರುವುದಿಲ್ಲವಂತೆ, ಹಾಗಾಗಿ ಮನೆಗೆ ಫಿಲ್ಟರ್ ಬಂದೇ ಇರಲಿಲ್ಲ.

ಅಳುಕುತ್ತಲೇ ಕೇಳಿದೆ. ಅತ್ತೆ ಪಂಚೆ ಬಿಚ್ಚಿಯೇಬಿಟ್ಟರು. “ತಕಳಮ್ಮ, ಬಂಗಾರಿಗಲ್ವಾ. ನಾವು ನಾಕು ದಿನ ಗೊಜ್ಜು ತಿನ್ನಾನ ಬುಡು.”

ದಿನಕ್ಕೊಂದು ಚೊಂಬಿನಂತೆ ಮಳೆನೀರು ಬೆರೆಸಿದೆ. ಕಾಗದದ ಬಣ್ಣ ಮೆಲ್ಲಗೆ ಏಳರ ಕಡೆ ವಾಲಿತು. ಗೊಜ್ಜು ತಿನ್ನುತ್ತಲೇ ಸಂಭ್ರಮಿಸಿದೆ. ಡ್ರಮ್ಮು ತಳ ಕಂಡಿತು, ಮಳೆ ನಿಂತಿತು, ಪಿಎಚ್ ಮತ್ತೆ ಏರತೊಡಗಿತು. ಇದು ಯಾವ ಪಠ್ಯದಲ್ಲೂ ಇರಲಿಲ್ಲ. ಕೊಳವೆಬಾವಿಯ ನೀರನ್ನು ನಾನು ಒಂದು ಹನಿಯೂ ಸೇರಿಸಿರಲಿಲ್ಲ. ಸುಣ್ಣ ಬರುವುದಾದರೂ ಎಲ್ಲಿಂದ? ತಳದಲ್ಲಿ ಹಾಸಿದ ಜಲ್ಲಿಯ ಮೇಲೆ ಗುಮಾನಿ ಬಂತು. ಸುಣ್ಣದ ಕಲ್ಲನ್ನು ಪತ್ತೆ ಹಚ್ಚುವುದು ಸುಲಭ, ನಿಂಬೆರಸ ಬಿಟ್ಟರೆ ನೊರೆ ಬರುತ್ತದೆ. ನಮ್ಮ ಜಲ್ಲಿ ಮಧುಗಿರಿ ಬೆಟ್ಟದ ಜಾತಿಯ ಕಲ್ಲು, ಅದರ ಮೇಲೆ ಒಂದು ನಿಂಬೆಹಣ್ಣನ್ನೇ ಹಿಂಡಿದರೂ ಅದು ಜಪ್ಪಯ್ಯ ಅನ್ನಲಿಲ್ಲ.

ಮತ್ತೆ ತೊಟ್ಟಿಗೆ ಕೈ ಹಾಕಿ, ಮೂಲೆಯ ಗಿಡದ ಬುಡದಲ್ಲಿ ತಡಕಿದಾಗ ಬೆರಳಿಗೆ ಕರಿ ದಾರ ಸಿಕ್ಕಿತು. ಎಳೆದರೆ ಮಾರುದ್ದದ ಕವಡೆ ಸರ. ಡಿಕಾಕ್ಷನ್ ಬಣ್ಣದ ನೀರಿನಲ್ಲಿ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಕವಡೆಗಳ ಹೊಳಪು ಹೋಗಿ ಸೀಮೆಸುಣ್ಣದ ತುಂಡುಗಳಂತೆ ಒರಟಾಗಿದ್ದವು. ನಿಂಬೆರಸ ಬಿಟ್ಟೆ, ಬುಸ್ಸೆಂದು ನೊರೆಯೆದ್ದಿತು. ಕವಡೆಯೆಂದರೆ ಸುಣ್ಣವೇ ಅಲ್ಲವೇ? ನಾನು ನೀರನ್ನು ಹುಳಿ ಮಾಡಿದಷ್ಟೂ ಅದು ಕರಗುತ್ತ ಪಿಎಚ್ ಅನ್ನು ಮೇಲೆತ್ತುತ್ತಿತ್ತು.

“ಅತ್ತೇ!” ಎಂದು ಕೂಗಿದೆ. ಕೋಪ ನೆತ್ತಿಗೇರಿತ್ತು.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಸರ ನೋಡಿ ಸ್ವಲ್ಪವೂ ಗಾಬರಿಯಾಗಲಿಲ್ಲ. “ಎಲ್ಡು ಸತ್ತೋದ್ವಲ್ಲ, ಅವತ್ತೇ ಹಾಕ್ದೆ. ಮನೆಗೆ ಬಂದೋರೆಲ್ಲ ಕಣ್ಣಾಕೋರೇ. ನಮ್ಮಪ್ಪನ ಹೋರಿ ಕೊರಳಾಗಿದ್ದ ಸರ ಕಣಮ್ಮ ಇದು. ಆ ಹೋರಿಗೆ ಯಾರ ದೃಷ್ಟೀನೂ ತಾಗ್ಲಿಲ್ಲ.” ಆಮೇಲೆ ನನ್ನನ್ನೇ ನೆಟ್ಟಗೆ ನೋಡುತ್ತ ಕೇಳಿದರು, “ಇದು ಹಾಕಿದ್ಮ್ಯಾಲೆ ಒಂದಾದ್ರೂ ಸತ್ತೈತಾ?”

ಸತ್ತಿರಲಿಲ್ಲ. ಕೋಪ ಇಳಿದ ಮೇಲೆ ಯೋಚಿಸಿದರೆ ರಸಾಯನಶಾಸ್ತ್ರವೂ ಅತ್ತೆಯ ಕಡೆಗೇ ಸೇರಿಕೊಂಡಿತು. ಮೀನಿಗೆ ಏಳೋ ಎಂಟೋ ಎಂಬುದಕ್ಕಿಂತ ಇಂದು ಎಂಟು ನಾಳೆ ಆರು ಎಂಬ ಏರುಪೇರೇ ಹೆಚ್ಚು ಅಪಾಯ. ಹಿಂದಿನ ಎರಡನ್ನು ತೆಗೆದದ್ದೂ ನೀರಿನ ಅಂಥ ದಿಢೀರ್ ಬದಲಾವಣೆಯೇ. ನಾನು ಎಲೆ, ಮಳೆನೀರು ಎಂದು ಉತ್ಸಾಹದಲ್ಲಿ ಎಳೆಯುತ್ತಿದ್ದಾಗ, ಆ ಸರ ಇನ್ನೊಂದು ಕಡೆಯಿಂದ ಹಿಡಿದುಕೊಂಡು ನೀರಿನ ಪಿಎಚ್ ಒಮ್ಮೆಗೇ ಕುಸಿಯದಂತೆ ನೋಡಿಕೊಂಡಿತ್ತು. ಅತ್ತೆ ದೃಷ್ಟಿಗೆಂದು ಮಾಡಿದ್ದು, ಕೆಲಸವಾದದ್ದು ಸುಣ್ಣದಿಂದ. ತವರಿನಿಂದ ತಂದದ್ದರಲ್ಲಿ ಅವರ ಹತ್ತಿರ ಉಳಿದಿದ್ದು ಬಹುಶಃ ಅದೊಂದೇ. ಅದನ್ನೂ ಕರಗಲು ಬಿಟ್ಟಿದ್ದರು.

ಹಾಗೆಂದು ಸರ ಒಳಗೇ ಇದ್ದರೆ ಪಿಎಚ್ ಇಳಿಯುವ ಮಾತಿಲ್ಲ. ಸುಣ್ಣದ ಪಾಠ ಮಾಡಿ ಪ್ರಯೋಜನವಿಲ್ಲವೆಂದು ಅವರ ದಾರಿಯಲ್ಲೇ ಹೋದೆ. “ದೃಷ್ಟಿ ನೀರೊಳಗಿಂದ ಬರುತ್ತಾ ಅತ್ತೆ, ಹೊರಗಿಂದ ಬರುತ್ತಾ?”

“ಹೊರಗಿಂದ್ಲೇ.”

“ಹಾಗಾದ್ರೆ ಕಾವಲುಗಾರ ಬಾಗಿಲಲ್ಲಿ ನಿಲ್ಲಬೇಕೋ, ಒಳಕೋಣೆಯಲ್ಲೋ?”

ಅತ್ತೆ ತೊಟ್ಟಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. “ಓದಿದ್ದು ದಂಡ ಆಗಿಲ್ಲ ಬುಡು” ಎಂದು ಸರಕ್ಕೆ ಕೊಬ್ಬರಿ ಎಣ್ಣೆ ಸವರಿ, ತೊಟ್ಟಿಯ ಹೊರಗೆ, ಗಾಜಿನ ಮೇಲಂಚಿಗೆ ತಾವೇ ಕಟ್ಟಿದರು. ಮತ್ತೆ ಮಳೆ ಬಂತು. ಮಳೆನೀರು ಬೇಳೆಗೆ ಅರ್ಧ, ಬಂಗಾರಿಗೆ ಅರ್ಧ ಎಂದು ನಿಗದಿಯಾಯಿತು. ಆತುರಪಡದೆ ಚೊಂಬು ಚೊಂಬಾಗಿ ಬೆರೆಸಿದೆ. ನೀರು ಏಳರ ಹತ್ತಿರ ಬಂದು ನಿಂತುಕೊಂಡಿತು. ಬಂಗಾರಿಯ ರೆಕ್ಕೆ ಬಿಚ್ಚಿತು, ಮೈಗೆ ಬೆಳಕು ಬಂತು.

ಮೊನ್ನೆ ಬೆಳಿಗ್ಗೆ ಅತ್ತೆಯ ತಂಗಿ ಪಾವಗಡದಿಂದ ಗೊರವನಹಳ್ಳಿಯ ದೇವಸ್ಥಾನಕ್ಕೆ ಹೊರಟವರು ದಾರಿಯಲ್ಲಿ ಬಸ್ಸಿಳಿದು ಮನೆಗೆ ಬಂದರು. ತೊಟ್ಟಿಯ ಮುಂದೆ ನಿಂತು, “ಅಬ್ಬಬ್ಬಾ, ಎಂತ ಬಾಗುಂದಕ್ಕಾ!” ಎಂದು ಪಾವಗಡದ ತೆಲುಗಿನಲ್ಲಿ ಅದರ ಚೆಂದ ಹೊಗಳಿ ಕೆನ್ನೆಗೆ ಕೈ ಹಚ್ಚಿದರು. “ನಿನ್ ಸೊಸೆ ಕೈಗುಣ ಬಲೇ ದೊಡ್ಡದು. ಮೀನ್ನೇ ಹಿಂಗೆ ಸಾಕೋಳು ನಿನ್ನ ಹೆಂಗೆ ನೋಡ್ಕೊಂಡಾಳು! ಇಂಥಾ ಸೊಸೆ ನಮ್ಗೆ ಸಿಗ್ಲಿಲ್ಲ ನೋಡು.” ಇಂಥ ಮಾತಿಗೆ ಅತ್ತೆಯ ಬಳಿ ಯಾವಾಗಲೂ ತಯಾರಿರುವ ಪ್ರತ್ಯುತ್ತರಕ್ಕೆ ಕಾದೆ. ಅವರು ತಂಗಿಗೆ ಮಜ್ಜಿಗೆ ಕೊಟ್ಟು ಮುಂದಿನ ಬಸ್ಸಿಗೆ ಕಳಿಸಿದರು.

ಬಾಗಿಲು ಹಾಕಿದವರೇ ಅಡುಗೆಮನೆಯಿಂದ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದರು. ಬಂಗಾರಿಗೆ ದೃಷ್ಟಿ ತೆಗೆಯುತ್ತಾರೆಂದು ನಾನು ತೊಟ್ಟಿಯ ಮುಂದಿನಿಂದ ಸರಿದು ನಿಂತೆ.

“ಅದ್ಕೆ ಕವಡೆ ಐತಲ್ಲ. ನೀನು ಕೂತ್ಕೊ” ಅಂದರು.

ಮಗನಿಗೆ, ಹಸುವಿಗೆ, ಹೊಸ ಸ್ಕೂಟರಿಗೆ, ಕೊನೆಗೆ ಫ್ರಿಜ್ಜಿಗೂ ಅವರು ದೃಷ್ಟಿ ತೆಗೆದದ್ದನ್ನು ನೋಡಿದ್ದೇನೆ. ನನ್ನ ಮೇಲೂ ಯಾರಾದರೂ ಕಣ್ಣು ಹಾಕಿಯಾರು ಎಂದು ಅವರಿಗೆ ಇಷ್ಟು ವರ್ಷ ಅನ್ನಿಸಿರಲಿಲ್ಲ. ಹೇಳಿದಂತೆ ಕೂತೆ. ತುಂಬ ಸಂತೋಷವಾಯಿತು. ಅತ್ತೆ ನನ್ನ ತಲೆಯ ಸುತ್ತ ಮುಷ್ಟಿಯನ್ನು ಇಳಿಸಿ, ಹಿತ್ತಲ ನೀರೊಲೆಯ ಕೆಂಡಕ್ಕೆ ಎಸೆದರು. ಮೆಣಸಿನಕಾಯಿಯ ಘಾಟು ಬರದಿದ್ದರೆ ದೃಷ್ಟಿ ಜೋರಾಗಿಯೇ ತಾಗಿತ್ತು ಎಂದರ್ಥ, ಅದು ಇಲ್ಲಿ ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಕೆಂಡ ಚಟಪಟಗುಟ್ಟಿತು. ಹೊಗೆಯೆದ್ದು ಘಾಟು ಹಿತ್ತಲು ದಾಟಿ ಪಕ್ಕದ ಮನೆಯವರನ್ನೂ ಸೀನಿಸಿತು.

ಅತ್ತೆ ನೆಗಡಿಯ ಮೂಗನ್ನು ಮೇಲಕ್ಕೆತ್ತಿ ಎಳೆದೆಳೆದು ಮೂಸಿದರು. “ನೋಡ್ದಾ, ಒಂದಿಷ್ಟಾದ್ರೂ ಘಾಟು ಐತಾ? ಎಂಥಾ ದೃಷ್ಟಿ ಆಗ್ಬುಟ್ಟಿತ್ತು ಕಣಮ್ಮ ನಿಂಗೆ!”

ನನ್ನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ರಸಾಯನಶಾಸ್ತ್ರ ಕಲಿಸುವ ನಾನು ಕೆಮ್ಮನ್ನು ಗಂಟಲಲ್ಲೇ ನುಂಗಿಕೊಂಡು, “ಹೌದತ್ತೆ, ಸ್ವಲ್ಪವೂ ಇಲ್ಲ” ಎಂದೆ.