ಟೂಲ್ ಬಾಕ್ಸಿನ ಮೇಲಿನ ಗಿಳಿಹಸಿರು

ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ, ತಗಡಿನ ನೆರಳಿನಡಿ ಲಾರಿಗಳಿಗೆ ಬಣ್ಣ ಬಳಿಯುತ್ತಿದ್ದ ಲಾಡ್ಲೆಸಾಬ ಮಾತು ಕಡಿಮೆಯ ಮನುಷ್ಯ. ಅವನು ಹಚ್ಚಿದ ಬಣ್ಣ ಸೋಲಾಪುರದ ಬಿಸಿಲು ತಿಂದರೂ ಮಾಸುವುದಿಲ್ಲ ಎಂದು ಡ್ರೈವರುಗಳು ಹೇಳುತ್ತಿದ್ದರು.

ಎಂಬತ್ತೆರಡರ ದೀಪಾವಳಿ ಮುಗಿದ ಮೇಲೆ ಒಂದು ಮುಂಜಾನೆ ಅವನ ಹೆಂಡತಿ ಶಮಶಾದಳ ತಮ್ಮ ಸಿಕಂದರ ಬಂದ. ತೊಗರಿ ಸಾಗಿಸುವ ಲಾರಿಯ ಡ್ರೈವರ್ ಅವನು. ಲಾರಿ ತಂದಿರಲಿಲ್ಲ. ಅದರ ಪಕ್ಕಕ್ಕೆ ಬಿಗಿದಿರುತ್ತಿದ್ದ ಕಬ್ಬಿಣದ ಟೂಲ್ ಬಾಕ್ಸನ್ನಷ್ಟೇ ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ ತಂದಿದ್ದ.

"ಭಾವಾ, ಪಕ್ಕಾ ಬಣ್ಣ ಆಗಬೇಕು ನೋಡು. ಮತ್ತ ಏಳಬಾರದು."

"ಸಂಜೀಕ ಬಾ," ಎಂದ ಲಾಡ್ಲೆಸಾಬ.

ತುಕ್ಕು ಹೋಗುವವರೆಗೆ ಉಸುಕಿನ ಕಾಗದ ತಿಕ್ಕಿದರೆ ಮಾತ್ರ ಬಣ್ಣ ಕಬ್ಬಿಣವನ್ನು ಕಚ್ಚಿ ಹಿಡಿಯುತ್ತದೆ. ಮುಚ್ಚಳ ತಿಕ್ಕಿ ಮುಗಿಸಿ ಬದಿಗೆ ತಿರುವಿದಾಗ ಅವನ ಕೈ ನಿಂತಿತು. ತಗಡು ಒಳಗೆ ಕುಸಿದಿದ್ದ ಜಾಗದಲ್ಲಿ ಹಸಿರು ಗೀರೊಂದಿತ್ತು. ಗಿಳಿಹಸಿರು. ಆ ಬಣ್ಣ ಕಲಸಿದವನು ಅವನೇ. ಸರಸಂಬಾದಿಂದ ಹಾಲು ತರುತ್ತಿದ್ದ ದಶರಥ, "ದೂರದಿಂದ ಕಾಣಬೇಕ್ರಿ," ಎಂದು ಸೈಕಲ್ಲಿಗೆ ಹಚ್ಚಿಸಿಕೊಂಡು ಹೋಗಿದ್ದ. ಹೋದ ವಾರ ಆ ದಶರಥನಿಗೆ ಯಾವುದೋ ಲಾರಿ ಬಡಿದು ನಿಲ್ಲದೆ ಹೋಗಿತ್ತು. ಈಗ ಅವನು ಕಲಬುರಗಿಯ ಆಸ್ಪತ್ರೆಯಲ್ಲಿ, ಮೊಣಕಾಲ ಕೆಳಗೆ ಒಂದು ಕಾಲಿಲ್ಲದೆ ಮಲಗಿದ್ದ.

ಲಾಡ್ಲೆಸಾಬ ಬಣ್ಣಕ್ಕೆ ಮೊದಲು ಹಚ್ಚುವ ಕೆಂಪು ಪ್ರೈಮರಿನ ಡಬ್ಬಿ ತೆರೆದ. ಮುಚ್ಚಳಕ್ಕೆ ಹಚ್ಚಿದ, ಉಳಿದ ಬದಿಗಳನ್ನೂ ತಿಕ್ಕಿ ಹಚ್ಚಿದ. ಆ ಗೀರಿನ ಹತ್ತಿರ ಮಾತ್ರ ಬ್ರಷ್ ಹೋಗಲಿಲ್ಲ.

ಸಂಜೆ ಬಂದ ಸಿಕಂದರ ಅದನ್ನು ನೋಡಿದ್ದೇ ಬಿಳಿಚಿಕೊಂಡ.

"ಬಡದ ಮ್ಯಾಲೆ ನಿಂತಿದ್ದಿಲ್ಲೇನಲೇ?" ಎಂದ ಲಾಡ್ಲೆಸಾಬ.

"ಕನ್ನಡಿಯಾಗ ನೋಡ್ದೆ ಭಾವಾ. ಎದ್ದು ಕುಂತಿದ್ದ. ಏನೂ ಆಗಿಲ್ಲ ಅಂದ್ಕೊಂಡೆ... ಜನ ಸೇರಿದ್ರ ಬಡದು ಕೊಲ್ತಿದ್ರು."

"ಪೊಲೀಸರ ಹತ್ರ ಹೋಗೋಣ ನಡಿ."

ಮನೆಯಿಂದ ಚಹಾ ತಂದಿದ್ದ ಶಮಶಾದ ತಗಡಿನ ನೆರಳಿನ ಅಂಚಿನಲ್ಲೇ ನಿಂತಳು. "ನನ್ನ ತಮ್ಮನ್ನ ನೀನೇ ಹಿಡಕೊಡ್ತೀ? ಅವನ ಮಕ್ಕಳು ಬೀದಿಗೆ ಬೀಳಬೇಕೇನು?"

"ದಶರಥಗೂ ಮಕ್ಕಳವ," ಎಂದ ಲಾಡ್ಲೆಸಾಬ.

ಸಿಕಂದರ ತಾನೇ ಬ್ರಷ್ ಕಸಿದುಕೊಂಡು ಬಣ್ಣದಲ್ಲಿ ಅದ್ದಿದ. ಗೀರಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತವನು ಹಚ್ಚಲೂ ಇಲ್ಲ, ಏಳಲೂ ಇಲ್ಲ. ಬಣ್ಣ ತೊಟ್ಟಿಕ್ಕಿ ಅವನ ಚಪ್ಪಲಿಯ ಮೇಲೆ ಬಿತ್ತು. ಕಡೆಗೆ ಬ್ರಷ್ ಕೆಳಗಿಟ್ಟು, "ನಡಿ," ಎಂದ. ಇಬ್ಬರೂ ಬಾಕ್ಸನ್ನು ಒಂದೊಂದು ಬದಿಯಿಂದ ಎತ್ತಿಕೊಂಡು, ಬಜಾರದ ನಡುವೆಯೇ ಠಾಣೆಗೆ ನಡೆದರು.

ಸಿಕಂದರನಿಗೆ ಜೈಲಾಯಿತು. ಶಮಶಾದ ಅವನ ಹೆಂಡತಿ ಮಕ್ಕಳನ್ನು ತನ್ನ ಮನೆಗೇ ಕರೆತಂದಳು. ಗಂಡನ ಮುಂದೆ ರೊಟ್ಟಿ ಇಡುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಚಳಿಗಾಲ ಕಳೆದ ಮೇಲೆ ಲಾಡ್ಲೆಸಾಬ ಸರಸಂಬಾಕ್ಕೆ ಹೋದ. ದಶರಥ ಕಟ್ಟೆಯ ಮೇಲೆ ಕುಳಿತು ಎಮ್ಮೆಯ ಹಗ್ಗ ಹೊಸೆಯುತ್ತಿದ್ದ. ಕೂಡ್ರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

"ಅವತ್ತೇ ನಿಂತು ಎತ್ತಿ ಒಯ್ದಿದ್ರ ಕಾಲು ಉಳೀತಿತ್ತಂತ, ಡಾಕ್ಟರ್ ಹೇಳ್ಯಾನ," ಎಂದಷ್ಟೇ ಹೇಳಿ ಹಗ್ಗಕ್ಕೆ ಮತ್ತೊಂದು ಎಳೆ ಸೇರಿಸಿದ.

ಲಾಡ್ಲೆಸಾಬ ಆ ಎಳೆ ಹೊಸೆದು ಮುಗಿಯುವವರೆಗೆ ನಿಂತಿದ್ದು, ಆಳಂದದ ಹಾದಿ ಹಿಡಿದ.